ಮುದುಕಿ ನಿನ್ನ ಹಿಂದೆಯೇ ಇದ್ದಾಳೆ

ಇಂಗ್ಲಿಷ್ ಅಕ್ಷರಗಳಲ್ಲಿ ಮಾತ್ರ ಬದುಕಿದ್ದ ಒಬ್ಬ ಮುದುಕಿಗಾಗಿ ನಾನು ಅತ್ತಿದ್ದೇನೆ. ಅವಳಿಗೆ ಮುಖವಿರಲಿಲ್ಲ, ಹೆಸರೂ ಇರಲಿಲ್ಲ. ನಮ್ಮ ಮನೆಯ ಕಪ್ಪು ಬಿಳುಪು ಟೀವಿಯಲ್ಲಿ ಒಂದು ಸಾಲಾಗಿ ಬರುತ್ತಿದ್ದಳು, ಕರೆಂಟು ಹೋದಾಗ ಹೋಗುತ್ತಿದ್ದಳು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಹೆಂಗಸು ಹೀಗೆಲ್ಲ ಅಳುವುದು ದೇಶದ ಆರ್ಥಿಕ ಸ್ಥಿತಿಗೆ ಒಳ್ಳೆಯದಲ್ಲ ಎಂದು ಅಣ್ಣ ಹೇಳಿದ. ಇರಬಹುದು. ಆದರೆ ಅಣ್ಣ ಆ ಮುದುಕಿಯ ಜೊತೆ ಬೆಟ್ಟ ಹತ್ತಿದವನಲ್ಲ.

ಮುದುಕಿಯ ವಿಷಯಕ್ಕೆ ಬರುವ ಮೊದಲು ಬಸ್ಸಿನ ವಿಷಯ ಹೇಳಬೇಕು. ಈಗೀಗ ಎಲ್ಲಿಂದ ಹೊರಟರೂ ನಾನು ಅಲ್ಲಿಗೇ ಬಂದು ನಿಲ್ಲುತ್ತೇನೆ. ಮದುವೆಯ ಊಟದಲ್ಲಿ ಬಡಿಸುವವರು ಪಾಯಸ ಹಾಕಲಾ ಎಂದು ಕೇಳಿದರೆ ಅವರಿಗೂ ಬಸ್ಸಿನ ಕಥೆ ಹೇಳುವಷ್ಟು ಕೆಟ್ಟುಹೋಗಿದ್ದೇನೆ.

ನಮ್ಮ ಮನೆ ಕಂಕನಾಡಿಯಲ್ಲಿ. ಕಾಲೇಜು ಬಂಟ್ವಾಳದ ದಾರಿಯಲ್ಲಿ. ಒಂದು ಸಂಜೆ ಹಿಂದಿರುಗುವಾಗ, ಇನ್ನೇನು ಪಡೀಲ್ ಸಿಗಬೇಕು ಎನ್ನುವಲ್ಲಿ, ಒಂದು ತಿರುವಿನಲ್ಲಿ ಬಸ್ಸಿನ ಬ್ರೇಕು ಹಿಡಿಯಲಿಲ್ಲ. ಮುಂದಿನ ಚಕ್ರಗಳು ರಸ್ತೆಯ ಅಂಚು ದಾಟಿದವು. ಬಸ್ಸಿನ ಹೊಟ್ಟೆ ಮಣ್ಣಿಗೆ ತಾಗಿ ನಿಂತಿತು. ನಾನು ಕೂತದ್ದು ಎದುರಿನ ಹೆಂಗಸರ ಸೀಟಿನಲ್ಲಿ. ಗಾಜಿನಾಚೆ ರಸ್ತೆ ಇರಬೇಕಾದಲ್ಲಿ ಗದ್ದೆ ಕಾಣಿಸಿತು, ಅದೂ ಬಹಳ ಕೆಳಗೆ. ಬಸ್ಸು ಒಮ್ಮೆ ಮುಂದಕ್ಕೆ ತೂಗಿತು, ಪುನಃ ಹಿಂದಕ್ಕೆ ಬಂತು.

ಕಂಡಕ್ಟರ್ ಗಟ್ಟಿಯಾಗಿ ಮಾತಾಡಲೂ ಹೆದರಿದವನ ಹಾಗೆ ಹೇಳಿದ: “ಹಿಂದಿನವರು ಯಾರೂ ಏಳ್ಬೇಡಿ. ನೀವು ಕೂತದ್ದಕ್ಕೆ ಬಸ್ಸು ನಿಂತದ್ದು. ಎದುರಿನ ಅಕ್ಕಂದಿರು ಒಬ್ಬೊಬ್ಬರೇ ಹಿಂದೆ ಬನ್ನಿ. ಓಡ್ಬೇಡಿ.”

ನಾವು ಬಂದೆವು. ಹಿಂದಿನ ಬಾಗಿಲಿನಿಂದ ಇಳಿದೆವು. ರಸ್ತೆಯಲ್ಲಿ ನಿಂತು ನೋಡಿದೆವು. ಹೆಂಗಸರೆಲ್ಲ ಇಳಿದರು, ಆಮೇಲೆ ಗಂಡಸರು ಇಳಿಯಬೇಕು. ಆದರೆ ಅವರು ಇಳಿದರೆ ಹಿಂಬದಿ ಹಗುರವಾಗುತ್ತದೆ, ಡ್ರೈವರ್ ಇನ್ನೂ ತನ್ನ ಸೀಟಿನಲ್ಲೇ ಇದ್ದಾನೆ, ಸತ್ತ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು. ಆಗ ಇಳಿದ ಗಂಡಸರು ಯಾರೂ ಹೇಳದೆ ಬಸ್ಸಿನ ಹಿಂದಿನ ಏಣಿಗೆ ಜೋತುಬಿದ್ದರು. ಏಣಿಯಲ್ಲಿ ಜಾಗ ಸಿಗದವರು ಬಂಪರಿನ ಮೇಲೆ ನಿಂತರು, ಅಲ್ಲೂ ಸಿಗದವರು ನಿಂತವರ ಸೊಂಟ ಹಿಡಿದು ಕೆಳಕ್ಕೆ ಜಗ್ಗಿದರು. ಹಲಸಿನ ಮರದ ಬುಡದಲ್ಲಿ ಕಾಯಿ ಜೋತಂತೆ ಕಾಣುತ್ತಿದ್ದರು. ಡ್ರೈವರ್ ಮೆಲ್ಲಗೆ ಎದ್ದು ಹಿಂದಕ್ಕೆ ನಡೆದು ಇಳಿದ. ಎಲ್ಲರೂ ಒಟ್ಟಿಗೆ ಕೈಬಿಟ್ಟು ದೂರ ಹಾರಿದರು.

ಬಸ್ಸು ಬೀಳಲಿಲ್ಲ. ಅಲ್ಲೇ ಇತ್ತು. ಮರುದಿನ ಕ್ರೇನು ಬಂದು ಎತ್ತುವವರೆಗೂ ಅಲ್ಲೇ ಇತ್ತಂತೆ.

ನನ್ನ ತೊಂದರೆ ಇಲ್ಲಿಂದ ಶುರುವಾಯಿತು. ನನಗೆ ಒಂದು ಗೀರೂ ಆಗಿರಲಿಲ್ಲ. ಗಾಯವಿಲ್ಲದ ಹೆದರಿಕೆಗೆ ಎಲ್ಲಿಯೂ ಮರ್ಯಾದೆ ಇಲ್ಲ. ಸುದ್ದಿ ಕೇಳಿ ಬ್ರೆಡ್ಡು, ಮೂಸಂಬಿ ಹಿಡಿದುಕೊಂಡು ಬಂದ ನೆಂಟರು ನನ್ನ ಕೈಕಾಲು ನೋಡಿ, ಪ್ಲಾಸ್ಟರ್ ಕಾಣದೆ, ಸ್ವಲ್ಪ ಬೇಸರದಿಂದಲೇ ಕಾಫಿ ಕುಡಿದು ಹೋದರು. ಅಮ್ಮ ಹೆದರಿಕೆಗೆಂದು ಮಂತ್ರಿಸಿದ ನೂಲು ತಂದು ನನ್ನ ಕೈಗೆ ಕಟ್ಟಿದಳು. ಆದರೆ ಆಗದೆ ಹೋದ ಅಪಘಾತ ನನ್ನ ತಲೆಯೊಳಗೆ ದಿನಾ ಆಗುತ್ತಿತ್ತು. ಸ್ನಾನದ ಮನೆಯಲ್ಲಿ ಬಸ್ಸು ಬೀಳುತ್ತಿತ್ತು. ತಟ್ಟೆಗೆ ಅನ್ನ ಹಾಕಿಕೊಳ್ಳುವಾಗ ಬೀಳುತ್ತಿತ್ತು. ಒಮ್ಮೆ ಡ್ರೈವರ್ ಜೊತೆಗೆ, ಒಮ್ಮೆ ನಮ್ಮೆಲ್ಲರ ಜೊತೆಗೆ, ಒಮ್ಮೆ ನಾನೊಬ್ಬಳೇ ಒಳಗಿರುವಾಗ. ಬೆಳಿಗ್ಗೆ ಸ್ಟಾಪಿಗೆ ಹೋಗಿ ನಿಲ್ಲುತ್ತಿದ್ದೆ, ಬಸ್ಸು ಬರುತ್ತಿತ್ತು, ಕಂಡಕ್ಟರ್ ಕರೆಯುತ್ತಿದ್ದ, ನಾನು ಬೇರೆ ಯಾರಿಗೋ ಕಾಯುವವಳ ಹಾಗೆ ಗಡಿಯಾರ ನೋಡುತ್ತಿದ್ದೆ. ಆಮೇಲೆ ಮನೆಗೆ ಬಂದು ರಜೆ ಅರ್ಜಿ ಬರೆಯುತ್ತಿದ್ದೆ.

ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಒಂದು ದಿನ ಪಕ್ಕದ ಮನೆಗೆ ಪ್ರಿನ್ಸಿಪಾಲರ ಫೋನು ಬಂತು. ಒಳ್ಳೆಯ ಮನುಷ್ಯರು, ಬೈಯಲಿಲ್ಲ. “ಮೇಡಂ, ಪರೀಕ್ಷೆ ಹತ್ತಿರ ಉಂಟು. ಸೋಮವಾರ ಬನ್ನಿ. ಬರ್ಲಿಕ್ಕೆ ಆಗದಿದ್ರೆ ಹೇಳಿಬಿಡಿ, ನಾನು ಬೇರೆಯವರನ್ನು ನೋಡ್ತೇನೆ” ಎಂದರು. ಸೋಮವಾರಕ್ಕೆ ಒಂದು ವಾರವಿತ್ತು.

ಆ ವಾರವಿಡೀ ನಾನು ಕಂಪ್ಯೂಟರ್ ಆಡಿದೆ.

ಅಣ್ಣ ಬಹರೈನಿನಿಂದ ರಜೆಯಲ್ಲಿ ಬಂದಿದ್ದ. ಬರುವಾಗ ಹೊದಿಕೆ, ಟಾರ್ಚು, ಅತ್ತರು ಇವುಗಳ ನಡುವೆ ಒಂದು ಸಣ್ಣ ಕಂಪ್ಯೂಟರ್ ತಂದಿದ್ದ. ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದು, ಮೈತುಂಬ ರಬ್ಬರಿನ ಗುಂಡಿಗಳು. ಟೀವಿಗೊಂದು ವಯರು, ಟೇಪ್ ರೆಕಾರ್ಡರಿಗೊಂದು ವಯರು. ಇದರಲ್ಲಿ ಮನೆಯ ಲೆಕ್ಕವೆಲ್ಲ ಇಡಬಹುದೆಂದು ಅಂಗಡಿಯವ ಹೇಳಿದ್ದನಂತೆ. ನಮ್ಮ ಮನೆಯ ಲೆಕ್ಕ ಅಮ್ಮನ ತಲೆಯಲ್ಲಿ ಇರುತ್ತದೆ, ಅಲ್ಲಿಂದ ಹೊರಗೆ ಬರಲು ಅದು ಒಪ್ಪುವುದಿಲ್ಲ. ಹಾಗಾಗಿ ಕಂಪ್ಯೂಟರಿನ ಜೊತೆ ಪುಕ್ಕಟೆ ಸಿಕ್ಕಿದ ಎರಡು ಆಟದ ಕ್ಯಾಸೆಟ್ಟುಗಳೇ ಕೆಲಸಕ್ಕೆ ಬಂದವು.

ಮೊದಲನೆಯದು ರಾಕೆಟ್ಟಿನ ಆಟ. ಅಣ್ಣನಿಗೆ ಅದೇ ಇಷ್ಟ. ಮೇಲಿನಿಂದ ಏನೋ ಉದುರುತ್ತದೆ, ಕೆಳಗಿನಿಂದ ಇವನು ಹೊಡೆಯುತ್ತಾನೆ. ಅದರಲ್ಲಿ ಆಡುವವನಿಗೆ ಮೂರು ಜೀವ. ಒಂದು ಹೋದರೆ ಅಣ್ಣ “ಥತ್” ಎಂದು ಚಹಾ ಒಂದು ಗುಟುಕು ಕುಡಿದು ಎರಡನೆಯದಕ್ಕೆ ಕೈಹಾಕುತ್ತಿದ್ದ. ಇಷ್ಟು ನಿಶ್ಚಿಂತೆಯಿಂದ ಸಾಯುವವರನ್ನು ನಾನು ಪುರಾಣದಲ್ಲೂ ಕೇಳಿಲ್ಲ.

ಎರಡನೆಯದರಲ್ಲಿ ಚಿತ್ರವೇ ಇಲ್ಲ. ಕ್ಯಾಸೆಟ್ಟು ಹಾಕಿದರೆ ಬಹಳ ಹೊತ್ತು ಕಿರುಚುತ್ತದೆ, ಅಮ್ಮ ಅಡುಗೆಮನೆಯಿಂದ “ಯಾರ ಕುತ್ತಿಗೆ ಹಿಸುಕುತ್ತಿದ್ದೀರಿ?” ಎಂದು ಕೇಳುವಷ್ಟು. ಆಮೇಲೆ ಪರದೆಯ ಮೇಲೆ ಬರಹ ಮೂಡುತ್ತದೆ. ಮಂಜು ಬೀಳುವ ಒಂದು ದೇಶ. ಬೆಟ್ಟದ ಬುಡದಲ್ಲಿ ಒಂಟಿ ಮನೆ. ಅಲ್ಲೊಬ್ಬಳು ಮುದುಕಿ. ಬೆಟ್ಟದಾಚೆಯ ಊರಿನಲ್ಲಿ ಅವಳ ಮಗಳು ಹೆರಿಗೆಗೆ ಮಲಗಿದ್ದಾಳೆ. ದಾರಿ ಮಂಜಿನಲ್ಲಿ ಮುಚ್ಚಿಹೋಗುವ ಮೊದಲು ಮುದುಕಿಯನ್ನು ಅಲ್ಲಿಗೆ ತಲುಪಿಸಬೇಕು. ತಲುಪಿಸಬೇಕಾದವರು ನಾವು. ನಾವು ಇಂಗ್ಲಿಷಿನ ಎರಡೆರಡು ಶಬ್ದಗಳಲ್ಲಿ ಅಪ್ಪಣೆ ಕೊಡಬೇಕು: ಉತ್ತರಕ್ಕೆ ಹೋಗು, ಕೋಲು ತಗೋ, ಬಾಗಿಲು ತೆರೆ. ಯಂತ್ರ ಅದನ್ನು ನಡೆಸಿ ಮುಂದೇನಾಯಿತೆಂದು ಬರೆಯುತ್ತದೆ. ಪ್ರತಿ ಸಲ ಕೊನೆಗೆ ಒಂದೇ ಸಾಲು: ಮುದುಕಿ ನಿನ್ನ ಹಿಂದೆಯೇ ಇದ್ದಾಳೆ.

ಅಣ್ಣ ಒಮ್ಮೆ ನೋಡಿ, “ಇದು ಓದುವ ಆಟ. ನಿನಗೇ ಸರಿ ಮಾರಾಯ್ತಿ” ಎಂದು ಬಿಟ್ಟುಕೊಟ್ಟ.

ಅಮ್ಮನ ಸೋದರಮಾವ ತಾಳಮದ್ದಳೆಯ ಅರ್ಥಧಾರಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುತ್ತಾರೆ, ಪಂಚೆ ಉಟ್ಟ ನಾಲ್ಕು ಜನ ಚಾಪೆಯ ಮೇಲೆ ಕೂತು ಮಾತಾಡುತ್ತಾರೆ. ಕಥೆ ಮೊದಲೇ ಗಟ್ಟಿ. ಯುದ್ಧಕ್ಕೆ ಹೊರಟ ಹುಡುಗ ಮರಳಿ ಬರುವುದಿಲ್ಲವೆಂದು ಕೂತವರಿಗೆಲ್ಲ ಗೊತ್ತು. ಮಾತು ಮಾತ್ರ ಆ ದಿನದ್ದು, ಆಡುವವರದ್ದು. ಹುಡುಗನ ಅರ್ಥ ಹೇಳುವವರು ಚೆನ್ನಾಗಿ ವಾದ ಮಾಡಿದರೆ ಈ ಸಲವಾದರೂ ಉಳಿದುಕೊಳ್ಳಬಹುದೇನೋ ಎಂದು ಒಂದು ಗಳಿಗೆ ನಮಗೆ ಆಸೆಯಾಗುತ್ತದೆ. ಈ ಆಟ ನನಗೆ ಹಿಡಿದದ್ದು ಅದೇ ಕಾರಣಕ್ಕೆ. ಚಿತ್ರವಿಲ್ಲದ ಕಥೆ, ನಡುವೆ ನಮ್ಮ ಮಾತು. ವ್ಯತ್ಯಾಸವೆಂದರೆ ಇಲ್ಲಿ ಚಾಪೆಯ ಮೇಲೆ ಕೂತವಳು ನಾನೇ, ಮತ್ತು ನನ್ನ ವಿದ್ವತ್ತು ಎರಡು ಶಬ್ದಕ್ಕೆ ಮುಗಿಯುತ್ತದೆ.

ಮಧ್ಯಾಹ್ನ ಊಟವಾದ ಮೇಲೆ ಅಮ್ಮನೂ ಬಂದು ಕೂರತೊಡಗಿದಳು. ನಮ್ಮ ಮನೆಯ ಮಾತು ತುಳು; ಪರದೆಯ ಇಂಗ್ಲಿಷನ್ನು ನಾನು ಅವಳಿಗೆ ತುಳುವಿಗೆ ತಿರುಗಿಸಿ ಹೇಳುತ್ತಿದ್ದೆ. ನನ್ನ ತುಳುವಿನಲ್ಲಿ ಯಂತ್ರ ಒಬ್ಬ ಲೆಕ್ಚರರನ್ನು ಏಕವಚನದಲ್ಲಿ ಕರೆಯುವುದು ಅವಳಿಗೆ ಸರಿಕಾಣಲಿಲ್ಲ. ಆದರೆ ನಿಜವಾದ ತಕರಾರು ಮುದುಕಿಯ ಹೊಸ್ತಿಲಲ್ಲೇ ಎದ್ದಿತು.

“ನಾವು ಅವಳ ಮನೆಗೆ ಹೋದೆವಲ್ಲ, ಬೆಲ್ಲ ನೀರು ಕೊಟ್ಟಳಾ?” ಎಂದು ಅಮ್ಮ ಕೇಳಿದಳು. ನಮ್ಮಲ್ಲಿ ಯಾರೇ ಬರಲಿ, ಬಂದವರ ಕೈಗೆ ಒಂದು ತುಂಡು ಬೆಲ್ಲ, ಒಂದು ಲೋಟ ನೀರು ಕೊಟ್ಟ ಮೇಲೆಯೇ ಉಳಿದ ಮಾತು.

“ಇಲ್ಲಮ್ಮ. ಅದು ಬೇರೆ ದೇಶ.”

“ಬೇರೆ ದೇಶದಲ್ಲಿ ಬಾಯಾರುವುದಿಲ್ಲವಾ?” ಅಮ್ಮ ಸ್ವಲ್ಪ ಯೋಚಿಸಿದಳು. “ಪಾಪ, ಮನೆಯಲ್ಲಿ ಏನೂ ಇಲ್ಲ ಅಂತ ಕಾಣ್ತದೆ. ನಿನ್ನ ಹತ್ತಿರ ಎಂತ ಉಂಟು?”

ನನ್ನ ಹತ್ತಿರ ಒಂದು ಕುಪ್ಪಿ ನೀರಿತ್ತು. ಬೆಟ್ಟ ಹತ್ತುವಾಗ ಬೇಕಾಗುವ ನೀರು. ಅದನ್ನು ಹೊಸ್ತಿಲಲ್ಲೇ ಮುಗಿಸಬಾರದೆಂದು ಆಡುವ ಯಾರಿಗಾದರೂ ಗೊತ್ತಾಗುತ್ತದೆ. ಅಮ್ಮ ಬಿಡಲಿಲ್ಲ. ನೀರು ಕೊಡು ಎಂದು ಬರೆದೆ. ಮುದುಕಿ ಕುಪ್ಪಿಯನ್ನು ಖಾಲಿ ಮಾಡಿದಳು ಎಂದು ಯಂತ್ರ ಬರೆಯಿತು. ಅಮ್ಮನ ಮುಖದಲ್ಲಿ ಸಮಾಧಾನ. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ನಾನು ಬಾಯಾರಿ ಸತ್ತೆ. ಸುತ್ತಲೂ ಮಂಜು, ಅದನ್ನು ಕರಗಿಸು ಎಂದು ಬರೆದರೆ ನನಗೆ ಆ ಶಬ್ದ ತಿಳಿಯದು ಎಂದು ಯಂತ್ರ ವಿನಯದಿಂದ ಹೇಳಿತು.

“ನೋಡಿದಿಯಾ, ನಿನ್ನ ಬೆಲ್ಲ ನೀರಿನಿಂದ ಸತ್ತೆ” ಎಂದೆ.

“ನೀರು ಕೊಟ್ಟವರು ಸಾಯುವ ಹಾಗೆ ಕಥೆ ಕಟ್ಟಿದವ ಯಾರ ಮನೆಗೂ ಹೋದವನಲ್ಲ” ಎಂದಳು ಅಮ್ಮ. “ಪುನಃ ಹಾಕು. ನೀರು ಮಾತ್ರ ಕೊಟ್ಟೇ ಹೊರಡಬೇಕು.”

ಹೀಗೆ ನಮ್ಮ ಮನೆಯಲ್ಲಿ ಆ ಆಟಕ್ಕೆ ಬರೆದವನಿಗೂ ಗೊತ್ತಿಲ್ಲದ ಒಂದು ನಿಯಮ ಸೇರಿತು. ನೀರಿಲ್ಲದೆ ಹೊರಡುವುದರಿಂದ ಎಲ್ಲಿಯೂ ನಿಲ್ಲುವಂತಿಲ್ಲ, ಏನನ್ನೂ ನೋಡುವಂತಿಲ್ಲ. ಬೇರೆಯವರು ಆ ಬೆಟ್ಟದಲ್ಲಿ ಗುಹೆ, ಗುಡಿ, ನಿಧಿ ಎಲ್ಲ ನೋಡಿರಬಹುದು. ನಾವು ಮಾತ್ರ ಉತ್ತರಕ್ಕೆ ಹೋಗು, ಮೇಲಕ್ಕೆ ಹೋಗು, ಉತ್ತರಕ್ಕೆ ಹೋಗು ಎಂದು ಕೊನೆಯ ಬಸ್ಸು ಹಿಡಿಯುವವರ ಹಾಗೆ ಓಡುತ್ತಿದ್ದೆವು. ಸಾಲು ಮಾತ್ರ ತಪ್ಪುತ್ತಿರಲಿಲ್ಲ. ಮುದುಕಿ ನಿನ್ನ ಹಿಂದೆಯೇ ಇದ್ದಾಳೆ.

ಆ ಸಾಲು ನನ್ನನ್ನು ಹೇಗೆ ಹಿಡಿದುಕೊಂಡಿತೆಂದು ಹೇಳುವುದು ಕಷ್ಟ. ರಾಕೆಟ್ಟಿನ ಆಟದಲ್ಲಿ ಸೋತರೆ ನಾನು ಸೋತೆ, ಅಷ್ಟೇ. ಇಲ್ಲಿ ಪ್ರತಿ ಹೆಜ್ಜೆಗೂ ಒಂದು ಸಣ್ಣ ಉಸಿರು ಬೆನ್ನಿಗೆ ತಾಗುತ್ತಿತ್ತು. ನಾನು ಬೀಳುವುದು ನನಗೆ ಅಭ್ಯಾಸವಾಗಿತ್ತು, ದಿನಾ ಬೀಳುತ್ತಿದ್ದವಳಲ್ಲವೇ. ಹಿಂದೆ ಇರುವವಳು ನನ್ನನ್ನು ನಂಬಿ ಬರುತ್ತಿದ್ದಾಳೆ ಎಂಬುದು ಅಭ್ಯಾಸವಾಗಲಿಲ್ಲ. ಊಟಕ್ಕೆ ಕೂತರೆ ಅಣ್ಣ, “ನಿನ್ನ ಮುದುಕಿಯ ಊಟ ಆಯ್ತಾ? ಗಂಜಿಯಾದ್ರೂ ಕೊಟ್ಟಿದ್ದೀಯಾ?” ಎಂದು ಕೆಣಕುತ್ತಿದ್ದ. ನಾನು ನಗುತ್ತಿದ್ದೆ. ಮನಸ್ಸಿನಲ್ಲಿ, ಇಲ್ಲ, ಅವಳನ್ನು ಮಂಜಿನಲ್ಲಿ ನಿಲ್ಲಿಸಿ ಬಂದಿದ್ದೇನೆ ಎಂದು ಅನ್ನಿಸುತ್ತಿತ್ತು. ಆತುರಾತುರವಾಗಿ ತಿಂದು ಏಳುತ್ತಿದ್ದೆ.

ಬೆಟ್ಟದ ತುದಿಯಲ್ಲಿ ಒಂದು ಹಗ್ಗದ ಸೇತುವೆ. ನಾನು ಮುಂದೆ ಹೋದರೆ ದಾಟುತ್ತೇನೆ. ಹಿಂದೆ ಬರುವ ಮುದುಕಿ ಸೇತುವೆಯ ಮೇಲಿರುವಾಗ ಹಗ್ಗ ಕಡಿದುಹೋಗುತ್ತದೆ. ಅವಳನ್ನು ಮುಂದೆ ಕಳುಹಿಸಿದರೆ ನಡುವಿನಲ್ಲೇ ಕಡಿಯುತ್ತದೆ. ಇಬ್ಬರೂ ಒಟ್ಟಿಗೆ ಹೋದರೆ ಇಬ್ಬರೂ ಬೀಳುತ್ತೇವೆ. ಸುಮ್ಮನೆ ನಿಲ್ಲು ಎಂದು ಬರೆದರೆ, ಕಾಲ ಸರಿಯುತ್ತದೆ, ಎಂದು ಯಂತ್ರ ಬರೆಯುತ್ತದೆ. ಪುನಃ ನಿಲ್ಲು ಎಂದರೆ, ಕಾಲ ಸರಿಯುತ್ತದೆ, ಮುದುಕಿ ನಡುಗುತ್ತಿದ್ದಾಳೆ. ನಿಲ್ಲುವುದು ಯಾರನ್ನೂ ಉಳಿಸುವುದಿಲ್ಲ ಎಂದು ಇಷ್ಟು ಚುಟುಕಾಗಿ ನನಗೆ ಯಾವ ಗುರುಗಳೂ ಹೇಳಿರಲಿಲ್ಲ. ಆದರೂ ನಾನು ನಿಲ್ಲುತ್ತಿದ್ದೆ. ಪ್ರತಿ ಸಲ ಹಗ್ಗ ಕಡಿದಾಗ ನನ್ನ ತಲೆಯೊಳಗೆ ಆ ಬಸ್ಸು ಮುಂದಕ್ಕೆ ತೂಗುತ್ತಿತ್ತು. ಕ್ಯಾಸೆಟ್ಟು ತಿರುಗಿಸಿ ಮೊದಲಿನಿಂದ ಹಾಕುತ್ತಿದ್ದೆ. ನಡುವೆ ಕರೆಂಟು ಹೋದರೆ ಬೆಟ್ಟ, ಮಂಜು, ಮುದುಕಿ ಎಲ್ಲ ಒಂದು ಬಿಳಿ ಚುಕ್ಕೆಯಾಗಿ ಆರಿಹೋಗುತ್ತಿದ್ದವು. ನಾನು ಎದ್ದು ಒಳಗೂ ಹೊರಗೂ ನಡೆಯುತ್ತಿದ್ದೆ.

ಶನಿವಾರ ಮಧ್ಯಾಹ್ನ ಅಮ್ಮ ಬಸಳೆ ಹೆಚ್ಚುತ್ತಾ ಕೂತಿದ್ದಳು. ಸೇತುವೆ ಬಂತು. ಮುದುಕಿಯನ್ನು ಮುಂದೆ ಕಳುಹಿಸುವ ಅಪ್ಪಣೆಗೆ ಕೈಯಿಟ್ಟೆ.

“ಅವಳು ದಾಟುವಾಗ ನೀನು ಎಲ್ಲಿರ್ತಿ?” ಎಂದು ಅಮ್ಮ ಕೇಳಿದಳು.

“ಈಚೆ ಬದಿಯಲ್ಲಿ. ನೋಡ್ತಾ ನಿಂತಿರ್ತೇನೆ.”

ಹೇಳಿ ಮುಗಿಸಿದಾಗ, ಪಡೀಲಿನ ರಸ್ತೆಯಲ್ಲಿ ನಾನು ನಿಂತ ಜಾಗ ಕಣ್ಣಿಗೆ ಕಟ್ಟಿತು. ಎದುರಿಗೆ ಬಸ್ಸಿನ ಹಿಂಬದಿ. ಏಣಿಯ ಮೇಲೆ ಒಬ್ಬರ ಮೇಲೊಬ್ಬರು ಜೋತ ಗಂಡಸರು. ಒಬ್ಬನ ಚಪ್ಪಲಿ ಕಾಲಿನಿಂದ ಜಾರಿ ಬಿದ್ದದ್ದು. ಅದನ್ನು ಇನ್ನೊಬ್ಬ ಕಾಲಿನಿಂದಲೇ ಬದಿಗೆ ತಳ್ಳಿದ್ದು. ಇಷ್ಟು ದಿನ ನಾನು ಸಾವಿರ ರೀತಿಯಲ್ಲಿ ನೋಡಿದ್ದು ಬಸ್ಸು ಬೀಳುವುದನ್ನು, ಅಂದರೆ ಆಗದೆ ಇದ್ದದ್ದನ್ನು. ಆದದ್ದನ್ನು ಒಮ್ಮೆಯೂ ನೋಡಿರಲಿಲ್ಲ. ಬಸ್ಸು ತನ್ನಷ್ಟಕ್ಕೆ ನಿಂತಿರಲಿಲ್ಲ. ಹಿಡಿದುಕೊಂಡಿದ್ದರು.

ಹಗ್ಗ ಹಿಡಿ ಎಂದು ಬರೆದೆ. ನೀನು ಹಗ್ಗವನ್ನು ಬಿಗಿಯಾಗಿ ಹಿಡಿದಿದ್ದೀಯೆ, ಎಂದಿತು ಯಂತ್ರ. ಮುದುಕಿಯನ್ನು ಕಳುಹಿಸಿದೆ. ಮುದುಕಿ ಸೇತುವೆಯ ಮೇಲಿದ್ದಾಳೆ. ಪುನಃ ಹಗ್ಗ ಹಿಡಿ. ನಿನ್ನ ಕೈ ಸುಲಿಯುತ್ತಿದೆ. ಪುನಃ ಹಿಡಿ. ಮುದುಕಿ ದಾಟಿದಳು.

ಅಮ್ಮ ಕತ್ತಿ ಕೆಳಗಿಟ್ಟಳು.

ಮುಂದಿನ ಸಾಲುಗಳು ನಿಧಾನವಾಗಿ ಬಂದವು. ನಿನ್ನ ಕೈಯಲ್ಲಿ ಹಗ್ಗ ಕಡಿದಿದೆ. ಸೇತುವೆ ಇಲ್ಲ. ಆಚೆ ಬದಿಯಲ್ಲಿ ಮುದುಕಿ ಕೈ ಬೀಸಿ ಊರಿನ ಕಡೆಗೆ ನಡೆಯುತ್ತಾಳೆ. ನಿನಗೆ ಬಾಯಾರಿದೆ. ಆಮೇಲೆ ಆಟ ಮುಗಿಯಿತು ಎಂಬ ಸಾಲು. ಅದರ ಮೇಲೆ ಬರಬೇಕಾದ ಇನ್ನೊಂದು ಸಾಲಿಗಾಗಿ ನನ್ನ ಕಣ್ಣು ಹುಡುಕಿತು. ಮುದುಕಿ ನನ್ನ ಹಿಂದೆ ಇರಲಿಲ್ಲ. ಆಗಲೇ ನಾನು ಅತ್ತದ್ದು. ಬಸ್ಸಿಗಾಗಿ ಅಳದೆ ಉಳಿಸಿಟ್ಟದ್ದೂ ಅದರಲ್ಲಿ ಸೇರಿ ಹೋಯಿತೆಂದು ಕಾಣುತ್ತದೆ, ಬಹಳ ಹೊತ್ತು ಅತ್ತೆ.

“ಅಳುವುದು ಎಂತಕ್ಕೆ ಮಗಾ? ದಾಟಿದಳಲ್ಲ” ಎಂದಳು ಅಮ್ಮ. “ನೀರು ಕುಡಿದೇ ಹೋಗಿದ್ದಾಳೆ.”

ನಿಧಿ ಹುಡುಕಿದರೆ, ನೀರು ಉಳಿಸಿಕೊಂಡರೆ, ಇಬ್ಬರೂ ದಾಟುವ ದಾರಿ ಆ ಆಟದಲ್ಲಿ ಎಲ್ಲೋ ಇದ್ದೇ ಇರಬೇಕು. ಹುಡುಕಲು ನನಗೆ ಮನಸ್ಸಾಗಲಿಲ್ಲ. ಅಣ್ಣ ಭಾನುವಾರವಿಡೀ ರಾಕೆಟ್ಟು ಹೊಡೆದ.

ಇದನ್ನು ಓದಿ, ಆಟ ಆಡಿದಳು, ಹೆದರಿಕೆ ಹೋಯಿತು ಎಂದು ಯಾರೂ ತಿಳಿಯಬಾರದು. ಸೋಮವಾರ ಬೆಳಿಗ್ಗೆಯೂ ನಾನು ಗಡಿಯಾರ ನೋಡುತ್ತಲೇ ಹೊರಟೆ. ಅಣ್ಣ ಸ್ಟಾಪಿನವರೆಗೆ ಬಂದ. ಒಂದು ಬಸ್ಸು ಬಿಟ್ಟೆ. ಎರಡನೆಯದೂ ಬಂತು. “ಬನ್ನಿ ಅಕ್ಕ, ಬೇಗ ಬನ್ನಿ, ಸೀಟು ಉಂಟು” ಎಂದ ಕಂಡಕ್ಟರ್. ಹತ್ತಿದೆ. ಹೇಗೆ ಹತ್ತಿದೆನೆಂದು ಕೇಳಿದರೆ ಗೊತ್ತಿಲ್ಲ. ಹಿಂದೆ ನಿಂತಿದ್ದ ಹೆಂಗಸಿನ ಬುಟ್ಟಿ ಬೆನ್ನಿಗೆ ಚುಚ್ಚುತ್ತಿತ್ತು, ಅದೂ ಒಂದು ಕಾರಣವಿರಬಹುದು.

ಸಿಕ್ಕಿದ್ದು ಎದುರಿನ ಸೀಟೇ. ಕಿಟಕಿಯ ಬದಿಯಲ್ಲಿ ಒಬ್ಬಳು ನರ್ಸು, ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮುಗಿಸಿ ಹೊರಟವಳು, ಬಿಳಿ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಕೂತಿದ್ದಳು. ಕಣ್ಣು ಅರ್ಧ ಮುಚ್ಚಿತ್ತು.

“ಅಕ್ಕ, ನೀವು ಎಲ್ಲಿಗೆ?” ಎಂದಳು.

ನಾನು ಬಾಯಿ ತೆರೆಯುವ ಮೊದಲೇ, “ನಾನು ಬಿ.ಸಿ.ರೋಡಿಗೆ. ಬಂದಾಗ ಒಂದು ಎಬ್ಬಿಸ್ತೀರಾ? ಹೋದ ವಾರ ನಿದ್ದೆಯಲ್ಲಿ ಪುತ್ತೂರಿಗೆ ಹೋಗಿ ಮುಟ್ಟಿದ್ದೆ” ಎಂದು ಹೇಳಿ, ಉತ್ತರಕ್ಕೂ ಕಾಯದೆ ನನ್ನ ಭುಜದ ಮೇಲೆ ತಲೆಯಿಟ್ಟಳು. ಮರುಕ್ಷಣ ನಿದ್ದೆ. ಇಡೀ ವಾರ್ಡಿನ ಭಾರವೆಲ್ಲ ಆ ತಲೆಯಲ್ಲಿದ್ದಂತಿತ್ತು.

ಪಂಪ್‌ವೆಲ್ ದಾಟಿತು. ಪಡೀಲ್ ಬಂತು. ಎದ್ದು ಇಳಿದುಬಿಡುವ ಎನ್ನಿಸಿದ್ದು ನಿಜ. ಆದರೆ ಎದ್ದರೆ ಅವಳ ತಲೆ ಕಂಬಿಗೆ ಬಡಿಯುತ್ತದೆ. ಅಲುಗಾಡದೆ ಕೂತೆ. ಆ ತಿರುವು ಬಂದಾಗ ಬಸ್ಸು ಓಲಾಡಿತು. ಅವಳು ಜಾರದಂತೆ ಒಂದು ಕೈ ಅವಳಿಗೆ ಅಡ್ಡ ಹಿಡಿದೆ. ತಿರುವಿನಾಚೆ ಏನು ಕಾಣುತ್ತದೆಂದು ನೋಡಬೇಕೆಂದಿದ್ದೆ, ಅವಳ ಬಾಯಿಯಿಂದ ಜೊಲ್ಲು ನನ್ನ ಸೀರೆಗೆ ಇಳಿಯುವುದನ್ನು ನೋಡುತ್ತಾ ಮರೆತೆ.

ನನ್ನ ಕಾಲೇಜಿನ ಸ್ಟಾಪು ಬಿ.ಸಿ.ರೋಡಿಗಿಂತ ಮೊದಲೇ ಬರುತ್ತದೆ. ಬಂತು. ಕಂಡಕ್ಟರ್ ಹೆಸರು ಕೂಗಿದ. ಹುಡುಗಿ ಬಾಯಿ ತೆರೆದು ಮಲಗಿದ್ದಳು. ನಾನು ಇಳಿಯಲಿಲ್ಲ. ಬಿ.ಸಿ.ರೋಡಿನಲ್ಲಿ ಅವಳನ್ನು ಎಬ್ಬಿಸಿದೆ. “ಥ್ಯಾಂಕ್ಸ್ ಅಕ್ಕ, ನೀವೂ ಇಲ್ಲೇನಾ?” ಎಂದು ಕಣ್ಣುಜ್ಜಿಕೊಂಡು ಇಳಿದುಹೋದಳು. ನಾನೂ ಇಳಿದು, ರಸ್ತೆ ದಾಟಿ, ಹಿಂದಕ್ಕೆ ಹೋಗುವ ಇನ್ನೊಂದು ಬಸ್ಸು ಹತ್ತಿದೆ.

ಕಾಲೇಜು ಮುಟ್ಟುವಾಗ ಮೊದಲ ಪೀರಿಯಡ್ ಮುಗಿಯುತ್ತಾ ಬಂದಿತ್ತು. ಪ್ರಿನ್ಸಿಪಾಲರು ವರಾಂಡದಲ್ಲೇ ನಿಂತಿದ್ದರು.

“ಎಂತ ಮೇಡಂ, ಬಸ್ಸು ಪುನಃ ಕೈಕೊಟ್ಟಿತಾ?”

“ಇಲ್ಲ ಸರ್, ಬಸ್ಸು ಸರಿ ಉಂಟು” ಎಂದೆ. “ನಾನೇ ಸ್ವಲ್ಪ ಹೆಚ್ಚು ದೂರ ಹೋಗಿಬಿಟ್ಟೆ.”